ಆಯುಧಪೂಜೆಯ ದಿನ ಏಳದ ಎರಡನೇ ಮಷೀನು

ಬಸವೇಶ್ವರನಗರದ ಆ ಖಾಸಗಿ ರಕ್ತನಿಧಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಒಂದೇ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಐದು ಕಂಪ್ಯೂಟರ್. ಹೀಗೆಂದರೆ ಆಗ ಜನ ನನ್ನ ಮುಖ ನೋಡಿ ನಗುತ್ತಿದ್ದರು. ನಮ್ಮ ಕಡೆ ಒಂದೇ ಮನೆಯನ್ನು ಐದು ಪೋರ್ಷನ್ ಮಾಡಿ ಬಾಡಿಗೆಗೆ ಕೊಡುವುದಿಲ್ಲವೇ, ಹಾಗೆಯೇ ಒಂದು ಯಂತ್ರದ ಮೆಮೊರಿಯನ್ನೂ ಡಿಸ್ಕನ್ನೂ ಪಾಲು ಮಾಡಿ ಐದು ವರ್ಚುವಲ್ ಮಷೀನುಗಳನ್ನು ನಡೆಸುವ ವಿದ್ಯೆ ಅದು. ಎರಡು ಸಾವಿರದ ಎಂಟರ ಸುಮಾರಿಗೆ ಅಷ್ಟು ಚಿಕ್ಕ ಜಾಗದಲ್ಲಿ ಅದನ್ನು ತಂದು ಕೂರಿಸಿದ್ದಕ್ಕೆ ನನಗೆ ಕೊಂಚ ಜಂಬವೂ ಇತ್ತು.

ಪೆಟ್ಟಿಗೆಗೆ ಕರೆಂಟು ಬಂದಾಗ ಐದೂ ಒಟ್ಟಿಗೆ ಏಳುವಂತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಸೆಕೆಂಡು ಕಾಯಬೇಕು ಎಂದು ಒಂದು ಪಟ್ಟಿ ಮಾಡಿಡಬೇಕು. ಮೊದಲನೆಯದು, ಉಳಿದ ನಾಲ್ಕರಲ್ಲಿ ಒಂದರ ವಿಳಾಸ ಇನ್ನೊಂದಕ್ಕೆ ಹೇಳುವ ಮಷೀನು. ಎರಡನೆಯದು ಡೇಟಾಬೇಸ್: ಪ್ರತಿ ರಕ್ತದ ಬ್ಯಾಗಿನ ನಂಬರು, ಗುಂಪು, ಅದಕ್ಕೆ ಕಾಮಾಲೆ, ಎಚ್‌ಐವಿ ಮುಂತಾದ ಪರೀಕ್ಷೆಗಳು ಮುಗಿದಿವೆಯೇ, ಫಲಿತಾಂಶ ಏನು, ಎಲ್ಲ ಅದರೊಳಗೆ. ಮೂರನೆಯದು ಸಿಬ್ಬಂದಿ ಬಳಸುವ ತಂತ್ರಾಂಶ. ನಾಲ್ಕನೆಯದು ಲೇಬಲ್ ಮುದ್ರಿಸುವುದು, ಐದನೆಯದು ನಕಲು ಇಟ್ಟುಕೊಳ್ಳುವುದು. ಡೇಟಾಬೇಸ್ ಎದ್ದು ಕೂತ ಮೇಲೆ ಎರಡು ನಿಮಿಷ ತಡೆದು ತಂತ್ರಾಂಶ ಏಳಬೇಕು. ಇಷ್ಟನ್ನು ಮೊದಲ ದಿನವೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆ.

ಆಯುಧಪೂಜೆಗೆ ಒಂದು ವಾರ ಇರುವಾಗ ಡೇಟಾಬೇಸಿನ ಡಿಸ್ಕು ತುಂಬುತ್ತ ಬಂತು. ಆ ಮಷೀನನ್ನು ಪಟ್ಟಿಯಿಂದ ತೆಗೆದು, ದೊಡ್ಡ ಡಿಸ್ಕಿಗೆ ಸಾಗಿಸಿ, ಮತ್ತೆ ಸೇರಿಸಿದೆ. ಚಾಲೂ ಮಾಡಿದೆ, ನಡೆಯಿತು, ಮನೆಗೆ ಹೋದೆ. ಹೀಗೆ ತೆಗೆದು ಸೇರಿಸಿದ ಮಷೀನು ತನ್ನ ಹಳೆಯ ಸ್ಥಾನ ಕಳೆದುಕೊಳ್ಳುತ್ತದೆ, ಪಟ್ಟಿಯ ತಳದಲ್ಲಿರುವ ‘ಕೈಯಿಂದಲೇ ಚಾಲೂ ಮಾಡಬೇಕಾದವು’ ಎಂಬ ಗುಂಪಿಗೆ ಬಿದ್ದುಬಿಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಪುಸ್ತಕದಲ್ಲಿ ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಆ ದಿನ ಮಾತ್ರ ಪಟ್ಟಿ ತೆರೆದು ನೋಡಲಿಲ್ಲ. ಹೇಗೂ ಸರ್ವರ್ ಆಫ್ ಆಗುವುದೇ ಇಲ್ಲವಲ್ಲ ಎಂಬ ಧೈರ್ಯ.

ಆದರೆ ನಮ್ಮಲ್ಲಿ ವರ್ಷಕ್ಕೊಂದು ದಿನ ಎಲ್ಲವೂ ಆಫ್ ಆಗುತ್ತದೆ.

ರಕ್ತನಿಧಿಯ ಯಜಮಾನರು ಅದೇ ಊರಿನ ಹಳೆಯ ಮನೆತನದವರು. ಆ ಕಟ್ಟಡ ನಿಂತಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆದಿದ್ದರಂತೆ. ನೇಗಿಲಿಗೆ ಪೂಜೆ ಮಾಡಿದ ಕೈ, ಸರ್ವರಿಗೆ ಮಾಡದೆ ಬಿಡುತ್ತದೆಯೇ. ಆವತ್ತು ರಕ್ತದ ಫ್ರಿಜ್ಜುಗಳನ್ನು ಬಿಟ್ಟು ಉಳಿದ ಯಂತ್ರಗಳೆಲ್ಲ ಅರ್ಧ ಗಂಟೆ ವಿಶ್ರಾಂತಿಯಲ್ಲಿರಬೇಕು, ಕುಂಕುಮ, ಹೂವು, ನಿಂಬೆಹಣ್ಣು ಆದ ಮೇಲೇ ಮತ್ತೆ ಚಾಲೂ. ನಾನೂ ಹೊಸ ಸೀರೆಯುಟ್ಟು, ವಿಜಯನಗರದ ಮನೆಯಿಂದ ಸ್ಕೂಟರಿನಲ್ಲಿ ಹೋಗಿದ್ದೆ.

“ಬೇಗ ಬೇಗ ಮೇಡಂ, ಹನ್ನೆರಡಕ್ಕೆ ರಾಹುಕಾಲ ಶುರು. ಅಷ್ಟರಲ್ಲಿ ಮಂಗಳಾರತಿ ಆಗ್ಬೇಕು” ಎಂದು ಯಜಮಾನರು ಬಾಗಿಲಲ್ಲೇ ಅವಸರಿಸಿದರು.

ಆಫ್ ಮಾಡುವುದಕ್ಕೂ ಸರದಿಯಿದೆ, ಏಳುವುದರ ಉಲ್ಟಾ. ಐದು, ನಾಲ್ಕು, ಮೂರು ಮಲಗಿದವು. ಡೇಟಾಬೇಸಿಗೆ ಮಲಗು ಎಂದು ಹೇಳಿ ಕಾಯುತ್ತಿದ್ದೆ. ಅದು ತನ್ನ ಲೆಕ್ಕವನ್ನೆಲ್ಲ ಡಿಸ್ಕಿಗೆ ಬರೆದು ಮುಗಿಸಲು ನಾಲ್ಕೈದು ನಿಮಿಷ ಬೇಕು. ಅಷ್ಟರಲ್ಲಿ ಕಾವಲುಗಾರರು ಪೆಟ್ಟಿಗೆಗೆ ಕರೆಂಟು ಕೊಡುವ ಬ್ಯಾಟರಿಯ ಯುಪಿಎಸ್‌ಗೂ ಕುಂಕುಮ ಇಡಬೇಕೆಂದು ಅದರ ಸ್ವಿಚ್ಚನ್ನೇ ಆರಿಸಿದರು. ಪೆಟ್ಟಿಗೆಯ ದೀಪಗಳೆಲ್ಲ ಒಮ್ಮೆಲೇ ಆರಿದವು. ‘ಮುಗಿದಿರಬೇಕು ಬಿಡು’ ಎಂದುಕೊಂಡು ಆರತಿಗೆ ಕೈಮುಗಿದೆ. ಮುಗಿದಿರಬೇಕು ಅನ್ನುವ ಮಾತು ನಮ್ಮ ಕಸುಬಿನಲ್ಲಿ ಎಷ್ಟು ಜನರನ್ನು ಕೆಡಿಸಿದೆಯೋ.

ಹನ್ನೆರಡೂಕಾಲಿಗೆ ಚಾಲೂ ಮಾಡಿದೆ. ಹತ್ತು ನಿಮಿಷದಲ್ಲಿ ತಂತ್ರಾಂಶದ ಪರದೆ ಬಂತು, ಲೇಬಲ್ ಯಂತ್ರ ಟರ್ರ್ ಎಂದಿತು. ಎಲ್ಲರೂ ಕಡ್ಲೆಪುರಿ, ಬೂಂದಿ ತಿನ್ನುತ್ತ ಕೂತೆವು. ರಕ್ತನಿಧಿಯ ಹಿರಿಯ ಟೆಕ್ನೀಷಿಯನ್ ಧಾರವಾಡದ ಕಡೆಯವರು, ಐವತ್ತು ದಾಟಿದವರು. ಕೆಲಸದ ಮುಂದೆ ಹಬ್ಬ ಹುಣ್ಣಿಮೆ ಇಲ್ಲದ ಮನುಷ್ಯ. ಅವರು ನಡುವೆ ಎದ್ದು ಹೋಗಿ ಯಾರಿಗೋ ಬ್ಯಾಗೊಂದನ್ನು ಕೊಟ್ಟು ಬಂದು ಮತ್ತೆ ಪುರಿಗೆ ಕೈ ಹಾಕಿದರು.

ಒಂದು ಗಂಟೆ ದಾಟಿತ್ತು. ಹೊರಡುವ ಮುನ್ನ ಒಮ್ಮೆ ನೋಡೋಣ ಎಂದು ಅವರ ಕಂಪ್ಯೂಟರಿನಲ್ಲಿ ದಾನಿಗಳ ಪಟ್ಟಿ ತೆರೆದೆ. ಕೊನೆಯ ಹೆಸರು: ಹೀರೇಕಾಯಿ ಹನುಮಂತಪ್ಪ. ಅದರ ಮೇಲೆ ಬದನೇಕಾಯಿ ಬಸಪ್ಪ. ಅದರ ಮೇಲೆ ಸೋರೇಕಾಯಿ ಸರೋಜಮ್ಮ.

ಆ ತರಕಾರಿ ಜನರನ್ನೆಲ್ಲ ಹುಟ್ಟಿಸಿದವಳು ನಾನು. ಮೊದಲ ವರ್ಷ ತಂತ್ರಾಂಶವನ್ನು ಪರೀಕ್ಷಿಸಲು, ಒಂದರಿಂದ ಐನೂರರವರೆಗೆ ಬ್ಯಾಗಿನ ನಂಬರು ಕೊಟ್ಟು ಐನೂರು ಸುಳ್ಳು ದಾಖಲೆ ತುಂಬಿದ್ದೆ. ಅದನ್ನು ಮಾಡಿಕೊಟ್ಟವರು ಒಂದು ಸೌಕರ್ಯ ಇಟ್ಟಿದ್ದರು: ಡೇಟಾಬೇಸ್ ಸಿಗದಿದ್ದರೆ ಕೆಲಸ ನಿಲ್ಲದಿರಲೆಂದು ತಂತ್ರಾಂಶ ತನ್ನೊಳಗಿನ ಹಳೆಯ ಪ್ರತಿಯನ್ನು ತೆರೆದುಕೊಳ್ಳುತ್ತದೆ, ಮೂಲೆಯಲ್ಲಿ ಒಂದು ಸಣ್ಣ ಹಳದಿ ಚುಕ್ಕೆ ತೋರಿಸುತ್ತದೆ. ಆ ಹಳೆಯ ಪ್ರತಿಯಲ್ಲಿ ನನ್ನ ತರಕಾರಿಗಳು ಇನ್ನೂ ಕೂತಿದ್ದವು. ಅಳಿಸಬೇಕಾಗಿತ್ತು, ಅಳಿಸಿರಲಿಲ್ಲ. ಸೋಮಾರಿತನಕ್ಕೆ ಐನೂರು ದಾಖಲೆಗೂ ಒಂದೇ ಗುಂಪು ಹಾಕಿದ್ದೆ, ಓ ಪಾಸಿಟಿವ್. ಐನೂರಕ್ಕೂ ಒಂದೇ ಫಲಿತಾಂಶ: ಎಲ್ಲ ಪರೀಕ್ಷೆ ಮುಗಿದಿದೆ, ಕೊಡಬಹುದು.

“ಸಾರ್, ಪೂಜೆ ಆದ್ಮೇಲೆ ಎಷ್ಟು ಬ್ಯಾಗ್ ಹೊರಗೆ ಹೋಯ್ತು?”

“ಒಂದ ರೀ. ನಾನ್ನೂರ ಹನ್ನೆರಡು. ಓ ಪಾಸಿಟಿವ್. ಯಾಕ್ರಿ ಮೇಡಂ, ಮಾರಿ ಯಾಕ ಹಂಗಾತು?”

“ನಾನ್ನೂರ ಹನ್ನೆರಡು ಯಾವತ್ತಿಂದು?”

“ಭಾನುವಾರದ ಕ್ಯಾಂಪಿಂದು.” ಅಷ್ಟು ಹೇಳುವಷ್ಟರಲ್ಲಿ ಅವರ ಕೈ ಪುರಿಯ ತಟ್ಟೆಯಲ್ಲೇ ನಿಂತಿತು. “ಭಾನುವಾರದ್ದು ಎಲ್ಲಾ ಟೆಸ್ಟ್ ಆಗಿಲ್ರಿ. ಹತ್ತು ಹನ್ನೊಂದು ಬಾಕಿ ಅದಾವ.”

“ಬಾಕಿ ಇರೋದು ಬೇರೆ ಶೆಲ್ಫಲ್ಲಿ ಇರುತ್ತಲ್ವಾ?”

ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು. ಪೂಜೆಗೆಂದು ಹಿಂದಿನ ಸಂಜೆ ಫ್ರಿಜ್ಜಿನ ಒಳಗೆಲ್ಲ ತೊಳೆದಿದ್ದರಂತೆ. ಬ್ಯಾಗುಗಳನ್ನು ಇನ್ನೊಂದು ಫ್ರಿಜ್ಜಿಗೆ ಸಾಗಿಸಿ, ಒರೆಸಿ, ಮತ್ತೆ ತಂದಿಡುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿತ್ತು. “ನಂಬರ್ ಹೊಡದ್ರ ಕಂಪ್ಯೂಟರ್ ಹೇಳ್ತದಲ್ರಿ, ಅದಕ್ಕ ಚಿಂತಿ ಮಾಡ್ಲಿಲ್ಲ” ಎಂದರು. ಅವರ ತಪ್ಪೆನ್ನುವ ಮುಖ ನನಗಿರಲಿಲ್ಲ. ಅವರು ಕೈಬರಹದಲ್ಲಿ ಇಡುತ್ತಿದ್ದ ಪರೀಕ್ಷೆಯ ರಿಜಿಸ್ಟರನ್ನು ಆರು ತಿಂಗಳ ಹಿಂದೆ ನಿಲ್ಲಿಸಿದವಳು ನಾನೇ. ಎರಡು ಕಡೆ ಬರೆದರೆ ತಪ್ಪಾಗುತ್ತದೆ ಎಂದು ಉಪನ್ಯಾಸ ಬೇರೆ ಕೊಟ್ಟಿದ್ದೆ.

ಗುಂಪಿನ ಬಗ್ಗೆ ಭಯವಿರಲಿಲ್ಲ. ಗುಂಪನ್ನು ಅವರು ಕೈಯಾರೆ ನೋಡಿ, ರೋಗಿಯ ರಕ್ತದ ಜೊತೆ ಹೊಂದಿಸಿಯೇ ಕೊಟ್ಟಿದ್ದರು. ಭಯವಿದ್ದದ್ದು ಸೋಂಕಿನ ಪರೀಕ್ಷೆಯದ್ದು. ‘ಕೊಡಬಹುದು’ ಎಂದು ಲೇಬಲ್ಲಿನಲ್ಲಿ ಮುದ್ರಿಸಿದ್ದು ಹೀರೇಕಾಯಿ ಹನುಮಂತಪ್ಪನ ಅಣ್ಣತಮ್ಮಂದಿರಲ್ಲಿ ಒಬ್ಬ. ನಿಜವಾದ ನಾನ್ನೂರ ಹನ್ನೆರಡರ ಪರೀಕ್ಷೆ ಆಗಿತ್ತೋ ಇಲ್ಲವೋ ಹೇಳಬಲ್ಲದ್ದು ಡೇಟಾಬೇಸ್ ಒಂದೇ, ಅದು ಎದ್ದೇ ಇರಲಿಲ್ಲ.

ಮೆಟ್ಟಿಲ ಕೆಳಗೆ ಓಡಿದೆ. ಮೊದಲು ತಂತ್ರಾಂಶದ ಮಷೀನನ್ನು ನಿಲ್ಲಿಸಿದೆ, ಇನ್ನೊಂದು ಲೇಬಲ್ ಬರಬಾರದು. ಪಟ್ಟಿ ತೆರೆದರೆ ಎರಡನೇ ಸಾಲಿನಲ್ಲಿ ತಂತ್ರಾಂಶ ಕೂತಿದೆ. ಡೇಟಾಬೇಸ್ ಎಲ್ಲಕ್ಕಿಂತ ಕೆಳಗೆ, ಆರಿದ ದೀಪದೊಂದಿಗೆ. ಕೈಯಿಂದ ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದವು: ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ, ಡಿಸ್ಕನ್ನು ಪೂರ್ತಿ ತಪಾಸಣೆ ಮಾಡಲಾಗುತ್ತಿದೆ. ಒಂದು ಶೇಕಡಾ. ತುಂಬ ಹೊತ್ತಾದ ಮೇಲೆ ಎರಡು. ಡಿಸ್ಕನ್ನು ದೊಡ್ಡದು ಮಾಡಿದ್ದೆನಲ್ಲ, ಅದರ ಫಲ. ಅರ್ಧ ಗಂಟೆಯಾದರೂ ಬೇಕಿತ್ತು. ನಡುವೆ ನಿಲ್ಲಿಸಿದರೆ ಎಲ್ಲ ದಾಖಲೆಯೂ ಕೈತಪ್ಪುವ ಅಪಾಯ.

ಬ್ಯಾಗು ಹೋದದ್ದು ಅನ್ನಪೂರ್ಣೇಶ್ವರಿ ನಗರದ ಒಂದು ನರ್ಸಿಂಗ್ ಹೋಮಿಗೆ. ಬೆಳಿಗ್ಗೆ ಹೆರಿಗೆಯಾದ ಹೆಂಗಸು, ರಕ್ತಸ್ರಾವ ನಿಲ್ಲುತ್ತಿಲ್ಲ. ಗಂಡ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಇಟ್ಟುಕೊಂಡು ಬೈಕಿನಲ್ಲಿ ಒಯ್ದು ಹದಿನೈದು ನಿಮಿಷವಾಗಿತ್ತು. ಅವನ ಮೊಬೈಲಿಗೆ ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ನರ್ಸಿಂಗ್ ಹೋಮಿನ ಫೋನೂ ಎತ್ತುವವರಿಲ್ಲ. ಅಲ್ಲೂ ಪೂಜೆಯಿರಬೇಕು.

ಯಜಮಾನರಿಗೆ ವಿಷಯ ಹೇಳಿದೆ. ಅವರು ಬಾಗಿಲು ಮುಚ್ಚಿದರು.

“ಮೇಡಂ, ಅರ್ಧ ಗಂಟೇಲಿ ಕಂಪ್ಯೂಟರೇ ಹೇಳುತ್ತೆ ಅಂತೀರಲ್ಲ. ಮುಕ್ಕಾಲು ಪಾಲು ಬ್ಯಾಗು ಟೆಸ್ಟ್ ಆಗಿರೋದೇ. ಸರಿ ಇದ್ರೆ ಸುಮ್ನೆ ಯಾಕೆ ರಾದ್ಧಾಂತ? ಆ ಯಮ್ಮಂಗೆ ರಕ್ತ ಬೇಕಾಗಿದೆ. ನಿಲ್ಸಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?”

ಆ ಮಾತು ಕೆಟ್ಟದ್ದಾಗಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ನಿಲ್ಲಿಸಿದರೆ ರಕ್ತವಿಲ್ಲದೆ ಆಕೆಯ ಜೀವ ಹೋಗಬಹುದು, ನಿಲ್ಲಿಸದಿದ್ದರೆ ಜನ್ಮಕ್ಕಂಟುವ ರೋಗ ಮೈ ಸೇರಬಹುದು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು, ಮುಚ್ಚಿಡದೆ ಹೇಳುತ್ತೇನೆ: ಸುಮ್ಮನಿದ್ದರೆ, ಬ್ಯಾಗು ಸರಿಯಿದ್ದರೆ, ನನ್ನ ತಪ್ಪು ಯಾರಿಗೂ ತಿಳಿಯುವುದೇ ಇಲ್ಲ.

ಟೆಕ್ನೀಷಿಯನ್ ನನ್ನತ್ತ ನೋಡಿ ಕೇಳಿದರು: “ನಿಮ್ಮ ತಂಗಿ ಆಗಿದ್ರ ಏನ್ ಮಾಡ್ತಿದ್ರಿ?”

“ನಾನು ಹೋಗ್ತೀನಿ. ಹಾಕ್ಬೇಡಿ ಅಂತ ಹೇಳ್ತೀನಿ. ನೀವು ಬೇರೆ ಬ್ಯಾಗ್ ರೆಡಿ ಮಾಡಿ.”

ಅದಕ್ಕೊಂದು ದಾರಿ ಅವರಿಗೆ ಹೊಳೆದಿತ್ತು. ಬ್ಯಾಗಿನ ಮೇಲೆ ರಕ್ತ ತೆಗೆದ ತಾರೀಖನ್ನು ಕೈಯಲ್ಲೇ ಬರೆದಿರುತ್ತಾರೆ. ಭಾನುವಾರಕ್ಕಿಂತ ಹಿಂದಿನವು ಎಲ್ಲ ಪರೀಕ್ಷೆಯಾದವೇ, ಕೆಟ್ಟವನ್ನು ಆಗಲೇ ತೆಗೆದು ನಾಶ ಮಾಡಿರುತ್ತಾರೆ. ಹಳೆಯ ತಾರೀಖಿನ ಓ ಪಾಸಿಟಿವ್ ಒಂದನ್ನು, ಅವರ ಬಳಿ ಉಳಿದಿದ್ದ ರೋಗಿಯ ರಕ್ತದ ಮಾದರಿಯ ಜೊತೆ ತುರ್ತಾಗಿ ಹೊಂದಿಸಿ ನೋಡಿ, ಆಟೋದಲ್ಲಿ ತಾವೇ ತರುವುದಾಗಿ ಹೇಳಿದರು. ಯಜಮಾನರನ್ನು ಕಪ್ಪು ಪರದೆಯ ಮುಂದೆ ಕೂರಿಸಿದೆ. “ಸಾರ್, ನೂರು ಆಗೋವರೆಗೂ ಏನೂ ಮುಟ್ಬೇಡಿ. ಆದ ತಕ್ಷಣ ಫೋನ್ ಮಾಡಿ.” ಅವರು ಮುಖ ಗಂಟಿಕ್ಕಿಕೊಂಡೇ ಕೂತರು, ಆದರೆ ಕೂತರು.

ಕಾಮಾಕ್ಷಿಪಾಳ್ಯದಲ್ಲಿ ಆವತ್ತು ಸ್ಕೂಟರ್ ಓಡಿಸುವುದು ಯಾರಿಗೂ ಬೇಡ. ಪ್ರತಿ ಲೇತ್ ವರ್ಕ್‌ಶಾಪಿನ ಮುಂದೆಯೂ ಬಾಳೆಕಂದು ಕಟ್ಟಿದ ಟೆಂಪೋ, ಪ್ರತಿ ಟೆಂಪೋ ಮುಂದೆಯೂ ಒಡೆದ ಬೂದುಗುಂಬಳ, ಕುಂಕುಮದ ನೀರು, ತಿರುಳು. ಮಾಗಡಿ ರಸ್ತೆಗೆ ತಿರುಗುವಲ್ಲಿ ಹಿಂದಿನ ಚಕ್ರ ಜಾರಿತು. ಕಾಲು ಕೊಟ್ಟು ನಿಂತೆ, ಸೀರೆಯ ಅಂಚು ಹರಿಯಿತು. “ಮೆತ್ತಗೆ ಹೋಗ್ರೀ ಆಂಟಿ!” ಎಂದು ಯಾರೋ ಕೂಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ರಸ್ತೆಯಲ್ಲಿ ನನ್ನನ್ನು ನೋಡಿದವರೆಲ್ಲ ನನ್ನ ತಪ್ಪು ತಿಳಿದೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ನಿಂತಾಗ ದೇವರ ಹೆಸರೊಂದೂ ನೆನಪಾಗಲಿಲ್ಲ. ನಾನ್ನೂರ ಹನ್ನೆರಡು, ನಾನ್ನೂರ ಹನ್ನೆರಡು ಎಂದಷ್ಟೇ ತುಟಿ ಹೇಳುತ್ತಿತ್ತು.

ನರ್ಸಿಂಗ್ ಹೋಮಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಹೆರಿಗೆ ವಾರ್ಡಿನ ಬಾಗಿಲು ತಳ್ಳಿದರೆ ಬ್ಯಾಗು ಆಗಲೇ ಸ್ಟ್ಯಾಂಡಿಗೆ ತೂಗುತ್ತಿತ್ತು. ಫ್ರಿಜ್ಜಿನ ತಣ್ಣಗಿನ ರಕ್ತವೆಂದು ಸ್ವಲ್ಪ ಹೊತ್ತು ಹೊರಗಿಟ್ಟಿದ್ದರಂತೆ, ಉಳಿದದ್ದು ಅಷ್ಟೇ ಸಮಯ. ಸಿಸ್ಟರ್ ಕೊಳವೆಯನ್ನು ಕೈಯಲ್ಲಿ ಹಿಡಿದಿದ್ದರು.

“ಹಾಕ್ಬೇಡಿ!” ನನ್ನ ದನಿ ನನಗೇ ಅಸಹ್ಯವಾಗುವಷ್ಟು ಜೋರಾಗಿತ್ತು.

ವಯಸ್ಸಾದ ಡಾಕ್ಟರಮ್ಮ ತಿರುಗಿದರು. “ಯಾರಮ್ಮ ನೀನು?”

“ಬ್ಲಡ್ ಬ್ಯಾಂಕಿಂದ ಬಂದೆ ಮೇಡಂ. ಕಂಪ್ಯೂಟರ್ ನೋಡ್ಕೊಳ್ಳೋಳು. ಈ ಬ್ಯಾಗಿನ ಲೇಬಲ್ ತಪ್ಪು. ಟೆಸ್ಟ್ ಆಗಿದ್ಯೋ ಇಲ್ವೋ ಗೊತ್ತಿಲ್ಲ. ತಪ್ಪು ನನ್ನದೇ. ಇನ್ನೊಂದು ಬ್ಯಾಗ್ ದಾರೀಲಿದೆ.”

ಅವರು ನನ್ನನ್ನು ಬೈಯಲಿಲ್ಲ. ಹಾಸಿಗೆಯಲ್ಲಿದ್ದ ಹೆಂಗಸಿನ ನಾಡಿ ಹಿಡಿದರು, ಬಿಪಿ ನೋಡಿದರು. ಆಕೆಯ ತುಟಿ ಬಿಳಿಚಿಕೊಂಡಿತ್ತು, ಕಣ್ಣು ಅರೆ ತೆರೆದಿತ್ತು. “ಸಲೈನಲ್ಲಿ ಇಪ್ಪತ್ತು ನಿಮಿಷ ತಡೀತೀನಿ. ಅಷ್ಟರಲ್ಲಿ ಬರದಿದ್ರೆ ಇದನ್ನೇ ಹಾಕೋದು. ಜೀವ ಮುಖ್ಯ.”

ಗಂಡ ಕೊರಿಯರ್ ಹಂಚುವ ಹುಡುಗ, ಇಪ್ಪತ್ತೈದು ವರ್ಷವೂ ಆಗಿರಲಾರದು. ಗೋಡೆಗೆ ಒರಗಿದ್ದವನು ನೆಟ್ಟಗೆ ನಿಂತ. “ಏನ್ ಮೇಡಂ ತಮಾಷೆ ಮಾಡ್ತಿದೀರಾ? ನೀವೇ ಕೊಟ್ರಿ, ಈಗ ನೀವೇ ಬೇಡ ಅಂತೀರಾ? ಅವಳು ಅಲ್ಲಿ ಹಂಗೆ ಮಲಗವ್ಳೆ!”

ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತೆ. ಐದು ನಿಮಿಷಕ್ಕೊಮ್ಮೆ ಯಜಮಾನರಿಗೆ ಫೋನ್ ಮಾಡುತ್ತಿದ್ದೆ. ನಲವತ್ತೊಂದು. ಐವತ್ತೆಂಟು. ಅರವತ್ತರಲ್ಲಿ ಸ್ವಲ್ಪ ಹೊತ್ತು ನಿಂತೇ ಬಿಟ್ಟಿತು. “ಆಡ್ತಾ ಇಲ್ಲ ಕಣಮ್ಮ ಇದು” ಎಂದು ಅವರೇ ತಿರುಗಿ ಫೋನ್ ಮಾಡಿದರು. ಬಾಗಿಲ ಸಂದಿಯಿಂದ ಕಾಣುತ್ತಿದ್ದದ್ದು ಆಕೆಯ ಪಾದ ಮಾತ್ರ. ಅದು ಅಲುಗುತ್ತಿದೆಯೇ ಎಂದು ನೋಡುತ್ತ ಕೂತಿದ್ದೆ. ನನ್ನ ಒಂದು ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಬಿದ್ದದ್ದಕ್ಕೆ ಈಕೆ ಸತ್ತರೆ ಎಂಬ ಯೋಚನೆ ಬಂತು, ಬಂದದ್ದು ಹೋಗಲಿಲ್ಲ.

ಹದಿನೇಳನೆಯ ನಿಮಿಷಕ್ಕೆ ಟೆಕ್ನೀಷಿಯನ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಡಾಕ್ಟರಮ್ಮ ತಾರೀಖು ಓದಿದರು, ಚೀಟಿ ಓದಿದರು, ಬೆಚ್ಚಗಾಗಲೂ ಕಾಯದೆ ನಿಧಾನವಾಗಿ ಹನಿ ಬಿಟ್ಟರು. ನಾನ್ನೂರ ಹನ್ನೆರಡನ್ನು ಡಬ್ಬಿಗೆ ಹಾಕಿ ನಮ್ಮ ಕೈಗಿತ್ತರು. ಮುಕ್ಕಾಲು ಗಂಟೆಯ ಮೇಲೆ ಹೊರಬಂದು, “ಬಿಪಿ ಮೇಲೆ ಬರ್ತಿದೆ. ಬ್ಲೀಡಿಂಗೂ ಕಮ್ಮಿ ಆಯ್ತು” ಎಂದರು. ಟೆಕ್ನೀಷಿಯನ್ ಬೆಂಚಿನ ಮೇಲೆ ಕೂತು ಮುಖದ ಬೆವರು ಒರೆಸಿಕೊಂಡರು.

ಅಷ್ಟರಲ್ಲಿ ಡಿಸ್ಕಿನ ತಪಾಸಣೆ ಮುಗಿದಿತ್ತು. ಫೋನಿನಲ್ಲೇ ಯಜಮಾನರಿಗೆ ಹೇಳಿಕೊಟ್ಟು ತಂತ್ರಾಂಶದ ಮಷೀನನ್ನು ಚಾಲೂ ಮಾಡಿಸಿದೆ, ಹಳದಿ ಚುಕ್ಕೆ ಇಲ್ಲವೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅವರು ಒಂದೊಂದೇ ಅಕ್ಷರ ಒತ್ತಿ ನಂಬರು ಹುಡುಕಿ ಓದಿದರು: “ನಾನ್ನೂರ ಹನ್ನೆರಡು. ಎಲ್ಲಾ ಟೆಸ್ಟ್ ಆಗಿದೆ. ಎಲ್ಲಾ ನೆಗೆಟಿವ್. ಕೊಡಬಹುದು ಅಂತಿದೆ.” ಅದರ ಹಿಂದೆಯೇ ಸೇರಿಸಿದರು: “ನಾನ್ ಹೇಳ್ಲಿಲ್ವಾ ಮೇಡಂ.”

ಅದನ್ನು ಗಂಡನಿಗೆ ಹೇಳದೆ ಬರಬಹುದಿತ್ತು. ಹೇಳಿದೆ.

“ಅಂದ್ರೆ ಮೊದಲ್ನೇದೇ ಸರಿ ಇತ್ತು” ಎಂದ.

“ಹೌದು.”

“ಅಷ್ಟೊತ್ತು ಅವಳು ಸುಮ್ನೆ ಕಾದ್ಲು.”

“ಹೌದಪ್ಪ.”

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಆ ಮಧ್ಯಾಹ್ನವೇ ಡೇಟಾಬೇಸನ್ನು ಮತ್ತೆ ಎರಡನೇ ಸಾಲಿಗೆ ಏರಿಸಿದೆ. ಎರಡು ನಿಮಿಷದ ತಡೆಯನ್ನು ಐದು ಮಾಡಿದೆ. ತಂತ್ರಾಂಶದ ಒಳಗಿನ ಹಳೆಯ ಪ್ರತಿಯನ್ನು ಅಳಿಸಿ, ಡೇಟಾಬೇಸ್ ಸಿಗದಿದ್ದರೆ ಪರದೆಯೇ ಬಾರದಂತೆ ಮಾಡಿಸಿದೆ. ಆಮೇಲೆ ಆಫ್ ಮಾಡಿ, ಚಾಲೂ ಮಾಡಿ ನೋಡಬೇಕಿತ್ತು. ಪೂಜೆಯಾದ ಯಂತ್ರವನ್ನು ಆವತ್ತೇ ಮತ್ತೆ ಆರಿಸಬಾರದು ಎಂದು ಯಜಮಾನರು ಅಡ್ಡ ನಿಂತರು. ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿ ಮೂರು ಸಲ ಆರಿಸಿದೆ. ಮೂರು ಸಲವೂ ಒಂದರ ಹಿಂದೆ ಒಂದು, ಐದೂ ಎದ್ದವು. ಯಜಮಾನರು ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಹಬ್ಬದ ದಿನ ಇಲ್ಲದ ಗಲಾಟೆ ಎಬ್ಬಿಸಿದಳು ಎಂದು ಎಲ್ಲರೆದುರು ಹೇಳಿದರಂತೆ. ನನಗೂ ಹಾಗೆಯೇ ಅನ್ನಿಸತೊಡಗಿತ್ತು.

ಶುಕ್ರವಾರ ಸಂಜೆ ಟೆಕ್ನೀಷಿಯನ್ ಫೋನ್ ಮಾಡಿದರು. ಭಾನುವಾರದ ಬಾಕಿ ಬ್ಯಾಗುಗಳ ಪರೀಕ್ಷೆ ಮುಗಿದಿತ್ತು.

“ಒಂದು ಕೆಟ್ಟದ್ದು ಬಂದೇತ್ರಿ ಮೇಡಂ. ಎರಡು ಸಲ ಹಾಕಿ ನೋಡಿದೆ, ಖರೇನ. ತಗದು ಬ್ಯಾರೆ ಇಟ್ಟೀನಿ.”

“ಯಾವ ಗುಂಪು?”

“ಓ ಪಾಸಿಟಿವ್.” ಆಮೇಲೆ ಅವರು ಬಹಳ ಮೆಲ್ಲಗೆ ಹೇಳಿದರು: “ಅವತ್ತು ಆ ಹುಡುಗ ಬಂದಾಗ ಫ್ರಿಜ್ ತಗದೆ. ಮುಂದಿನ ಸಾಲಿನ್ಯಾಗ ಎರಡು ಇದ್ವು. ಎಡಕ್ಕಿದ್ದದ್ದು ತಗೊಂಡೆ. ಇದು ಬಲಕ್ಕಿದ್ದದ್ರಿ.”

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆ ಹೆಂಗಸು ಹೇಗಿದ್ದಾಳಂತೆ ಎಂದು ಕೇಳಿದೆ.

“ಇವತ್ತು ಮಧ್ಯಾಹ್ನ ಮನಿಗೆ ಹೋದ್ಲಂತ. ಹೆಣ್ಣು ಕೂಸು” ಎಂದರು.